ವರ್ಷದ ಪ್ರಯೋಗಶೀಲ, ಇಲೆಕ್ಟ್ರಾನಿಕ್ ಆಲ್ಬಮ್‌ಗಳನ್ನು ಆರಿಸುವ ಬಗೆ: ಶಿರಸಿಯ ಮಳೆಗಾಲದಿಂದ ಸಂಕ್ರಾಂತಿಯವರೆಗೆ

ವರ್ಷದ ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಗಳು ಲಂಡನ್ನಿನಿಂದಲೂ ನ್ಯೂಯಾರ್ಕಿನಿಂದಲೂ ಸಾಲುಸಾಲಾಗಿ ಬರತೊಡಗುವುದು ಡಿಸೆಂಬರ್ ಹೊತ್ತಿಗೆ. ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಆಗ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಆರಂಭವಾಗಿರುತ್ತದೆ. ಹಗಲು ತೋಟದಲ್ಲಿ, ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕಳೆದುಹೋಗುವ ಆ ದಿನಗಳಲ್ಲಿ ಐವತ್ತು ಹೊಸ ಆಲ್ಬಮ್‌ಗಳನ್ನು ಕುಳಿತು ಕೇಳುವುದು ಯಾರಿಂದಲೂ ಆಗದ ಕೆಲಸ. ಹಲವು ವರ್ಷ ನಾನೂ ಆ ಪಟ್ಟಿಗಳ ಮೊದಲ ಹತ್ತು ಹೆಸರುಗಳನ್ನು ಬರೆದುಕೊಂಡು, ಒಂದೊಂದನ್ನೂ ಐದೈದು ನಿಮಿಷ ಕೇಳಿ, ಇದು ನಮ್ಮ ಕಿವಿಗಲ್ಲ ಎಂದು ಬದಿಗಿಟ್ಟಿದ್ದೆ. ಕೇಳುವ ಕ್ರಮವೇ ತಪ್ಪಿತ್ತೆಂದು ಹೊಳೆದದ್ದು ತಡವಾಗಿ. ಬೇರೆಯವರ ಪಟ್ಟಿ ಹಿಡಿದು ವರ್ಷದ ಕೊನೆಯಲ್ಲಿ ಓಡುವುದಕ್ಕಿಂತ, ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಕೇಳುತ್ತ ಸ್ವಂತ ಪಟ್ಟಿಯನ್ನು ಬೆಳೆಸುವುದು ಸುಲಭ. ಅದಕ್ಕೆ ಬೇಕಾದ ಕಿವಿ ಉತ್ತರ ಕನ್ನಡದವರಿಗೆ ಈಗಾಗಲೇ ಇದೆ ಎಂಬುದು ನನ್ನ ಎಣಿಕೆ. ಇಲ್ಲಿ ಉದಾಹರಣೆಗೆಂದು 2024ರ ಆಲ್ಬಮ್‌ಗಳನ್ನು ತೆಗೆದುಕೊಂಡಿದ್ದೇನೆ. ಕ್ರಮ ಯಾವ ವರ್ಷಕ್ಕಾದರೂ ಹೊಂದುತ್ತದೆ.

ಮೊದಲು ಎಲ್ಲೆ ಹಾಕಿಕೊಳ್ಳಬೇಕು. ಯಂತ್ರದಿಂದ ಹುಟ್ಟಿದ್ದೆಲ್ಲ ಇಲೆಕ್ಟ್ರಾನಿಕ್ ಎಂದು ಹಿಡಿದರೆ ಇಂದಿನ ಸಿನಿಮಾ ಹಾಡುಗಳೂ ಒಳಗೆ ಬಂದುಬಿಡುತ್ತವೆ. ವಿದ್ಯುತ್ ಇಲ್ಲದ ವಾದ್ಯಗಳೆಲ್ಲ ಹೊರಗೆ ಎಂದರೆ, ಚರ್ಚಿನ ಪೈಪ್ ಆರ್ಗನ್, ಗಾಯಕವೃಂದ ಮತ್ತು ಹಿತ್ತಾಳೆಯ ಊದುವಾದ್ಯಗಳನ್ನೇ ನೆಚ್ಚಿಕೊಂಡ ಕಾಲಿ ಮಲೋನ್ ಅವರ 'ಆಲ್ ಲೈಫ್ ಲಾಂಗ್' ತಪ್ಪಿಹೋಗುತ್ತದೆ. ನಾನು ಬಳಸುವ ಪರೀಕ್ಷೆ ಸರಳವಾದದ್ದು. ಕೇಳಿದ್ದನ್ನು ಇನ್ನೊಬ್ಬರಿಗೆ ಗುನುಗಿ ತೋರಿಸಿ ನೋಡಬೇಕು. ಗುನುಗಿದಾಗ ಸಂಗೀತದ ಬಹುಪಾಲು ದಾಟಿತು ಎಂದಾದರೆ ಅದು ಎಷ್ಟೇ ಚೆನ್ನಾಗಿರಲಿ, ಈ ಪಟ್ಟಿಗೆ ಸೇರದು. ಗುನುಗಿದಾಗ ಕೈಯಲ್ಲಿ ಏನೂ ಉಳಿಯದೆ, ನಾದದ ಬಣ್ಣ, ಅದರ ದಪ್ಪ, ಅದು ಬದಲಾಗುವ ವೇಗ ಇವುಗಳಲ್ಲೇ ಎಲ್ಲವೂ ಇತ್ತು ಎಂದಾದರೆ ಸೇರುತ್ತದೆ.

ಎರಡನೆಯ ಎಲ್ಲೆ ಕಾಲದ್ದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ, ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಮೂಗ್ ಸಿಂಥಸೈಜರ್ ಇರುವ ಸ್ಟುಡಿಯೋ ಒಂದು ಶುರುವಾಗಿತ್ತು. ಅಲ್ಲಿ 1972ರವರೆಗೆ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಅವರು ಮಾಡಿದ ಧ್ವನಿಮುದ್ರಣಗಳು ಪಾಲ್ ಪುರ್ಗಾಸ್ ಅವರ ಹುಡುಕಾಟದಿಂದ ಬೆಳಕಿಗೆ ಬಂದು, 'ದಿ ಎನ್‌ಐಡಿ ಟೇಪ್ಸ್' ಎಂಬ ಹೆಸರಿನಲ್ಲಿ ಹೊರಬಂದದ್ದು 2023ರಲ್ಲಿ. ಇದನ್ನು 2023ರ ಆಲ್ಬಮ್ ಎನ್ನಬೇಕೋ, ಅರ್ಧ ಶತಮಾನದ ಹಿಂದಿನದು ಎನ್ನಬೇಕೋ? ಹಳೆಯ ಧ್ವನಿಮುದ್ರಣಗಳಿಗೆ ಪುಸ್ತಕದಲ್ಲಿ ಬೇರೆಯೇ ಹಾಳೆ ಇಡುವುದು ಲೇಸು, ಏಕೆಂದರೆ ಕಾಲದ ಜರಡಿಯಲ್ಲಿ ಸೋಸಿ ಬಂದ ಕೃತಿಯನ್ನು ಈ ತಿಂಗಳು ಹುಟ್ಟಿದ ಕೃತಿಯ ಪಕ್ಕದಲ್ಲಿಟ್ಟು ತೂಗಿದರೆ ಹೊಸದಕ್ಕೆ ಅನ್ಯಾಯವಾಗುತ್ತದೆ.

ಹೆಸರುಗಳನ್ನು ಕೂಡಿಹಾಕುವ ಕೆಲಸ ತಿಂಗಳಿಗೆ ಒಂದು ಸಂಜೆಯದ್ದು. 1982ರಿಂದ ಬರುತ್ತಿರುವ ಲಂಡನ್ನಿನ 'ದಿ ವೈರ್' ಪತ್ರಿಕೆ, 'ದಿ ಕ್ವಾಯೆಟಸ್', 'ರೆಸಿಡೆಂಟ್ ಅಡ್ವೈಸರ್' ಜಾಲತಾಣಗಳು ಮತ್ತು ಕಲಾವಿದರು ತಮ್ಮ ಸಂಗೀತವನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ತಾಣದ ವಿಮರ್ಶೆಗಳು ಸಾಕು. ಇವುಗಳಲ್ಲಿ ಯಾವ ಆಲ್ಬಮ್‌ಗೆ ಎಷ್ಟನೆಯ ಸ್ಥಾನ ಎಂಬುದನ್ನು ನೋಡಬೇಡಿ. ಅಭಿರುಚಿಯಲ್ಲಿ ಒಂದಕ್ಕೊಂದು ಒಗ್ಗದ ಎರಡು ಕಡೆಗಳಲ್ಲಿ ಒಂದೇ ಹೆಸರು ಕಂಡರೆ ಗುರುತು ಹಾಕಿ. ಒಂದೇ ಕಡೆ ಕಂಡರೂ ವಿಮರ್ಶಕರು ಅದು ಹೇಗೆ ಕೇಳಿಸುತ್ತದೆಂದು ಕಾರಣ ಕೊಟ್ಟು ಬರೆದಿದ್ದರೆ ಅದಕ್ಕೂ ಗುರುತು ಹಾಕಿ. ಕಲಾವಿದರ ಬಾಳಿನ ಕಥೆಯನ್ನಷ್ಟೇ ಹೇಳಿ ಸದ್ದಿನ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಬಿಟ್ಟುಬಿಡಿ. ವರ್ಷಕ್ಕೆ ನಲವತ್ತು ಹೆಸರು ಮೀರದಂತೆ ನೋಡಿಕೊಳ್ಳಬೇಕು. ನಲವತ್ತೊಂದನೆಯದು ಬರಬೇಕಾದರೆ ಇರುವುದರಲ್ಲಿ ಒಂದು ಹೋಗಬೇಕು.

ಹೊಸದನ್ನು ಅಳೆಯುವ ಮೊದಲು ಕೈಯಲ್ಲಿ ಅಳತೆಗೋಲು ಬೇಕು. ಇದಕ್ಕಾಗಿ ಜೂನ್ ತಿಂಗಳಲ್ಲಿ ನಾಲ್ಕಾರು ಹಳೆಯ ಆಲ್ಬಮ್‌ಗಳನ್ನು ನಾನು ಪ್ರತಿ ವರ್ಷ ಮತ್ತೆ ಕೇಳುತ್ತೇನೆ. ಮೊದಲನೆಯದು ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೋ ಅವರ 1978ರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್'. ಇದರ ಎರಡನೆಯ ಭಾಗದಲ್ಲಿ ಮನುಷ್ಯ ಕಂಠದ ಒಂಟಿ ಸ್ವರಗಳನ್ನು ಬೇರೆಬೇರೆ ಉದ್ದದ ಟೇಪ್ ಸುರುಳಿಗಳಲ್ಲಿ ಹಾಕಿ ಸುತ್ತಲು ಬಿಟ್ಟಿದ್ದಾರೆ. ಒಂದು ಸ್ವರ 23 ಸೆಕೆಂಡಿಗೆ ಚೂರು ಮೇಲೆ ಮರಳುತ್ತದೆ, ಇನ್ನೊಂದು 26ಕ್ಕೆ ಚೂರು ಮೊದಲು, ಮತ್ತೊಂದು 30ರ ಸಮೀಪದಲ್ಲಿ; ಆದ್ದರಿಂದ ಅವು ಒಮ್ಮೆ ಸೇರಿದ ರೀತಿಯಲ್ಲೇ ಮತ್ತೆ ಸೇರುವುದು ಅಪರೂಪ. ಗೋಡೆ ಗಡಿಯಾರದ ಕೆಳಗೆ ಕುಳಿತು ಒಂದೇ ಒಂದು ಸ್ವರವನ್ನು ಹಿಡಿದು, ಅದು ಮರಳುವವರೆಗಿನ ಸೆಕೆಂಡುಗಳನ್ನು ಎಣಿಸಿ. ಎರಡು ಸುತ್ತು ಎಣಿಸಿದ ಮೇಲೆ ಎರಡನೆಯ ಸ್ವರಕ್ಕೆ ಹೋಗಿ. ಈ ಅಭ್ಯಾಸ ಮಾಡಿದವರಿಗೆ, ಏನೂ ನಡೆಯುತ್ತಿಲ್ಲ ಎಂದು ತೋರುವ ಸಂಗೀತದಲ್ಲಿ ಎಷ್ಟು ನಡೆಯುತ್ತಿದೆ ಎಂದು ಬೇರೆ ಹೇಳಬೇಕಾಗುವುದಿಲ್ಲ.

ಎರಡನೆಯದು ಮುಂಬಯಿಯ ಚರಣಜಿತ್ ಸಿಂಗ್ ಅವರ 1982ರ 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳಲ್ಲಿ ಯಮನ್, ಲಲಿತ್, ಮೇಘ ಮಲ್ಹಾರಗಳನ್ನು ನುಡಿಸಿದ ಈ ಆಲ್ಬಮ್ ಆಗ ಯಾರ ಗಮನಕ್ಕೂ ಬಾರದೆ, 2010ರಲ್ಲಿ ಮರುಮುದ್ರಣವಾದ ಮೇಲೆ ಲೋಕವೆಲ್ಲ ಮಾತಾಡಿಕೊಂಡಿತು. ಹಿಂದೂಸ್ತಾನಿ ಕೇಳಿ ಬೆಳೆದವರಿಗೆ ರಾಗ ಪರಿಚಿತ, ಸದ್ದು ಅಪರಿಚಿತ. ಹೀಗಾಗಿ ಸದ್ದನ್ನಷ್ಟೇ ಬೇರ್ಪಡಿಸಿ ಕೇಳಲು ಇದಕ್ಕಿಂತ ಒಳ್ಳೆಯ ಪಾಠಪುಸ್ತಕವಿಲ್ಲ. ಮೂರನೆಯದು ವಿಲಿಯಂ ಬಸಿನ್ಸ್ಕಿ ಅವರ 'ದಿ ಡಿಸ್‌ಇಂಟಿಗ್ರೇಶನ್ ಲೂಪ್ಸ್'. ಹಳೆಯ ಟೇಪ್ ಸುರುಳಿಗಳನ್ನು ಡಿಜಿಟಲ್‌ಗೆ ಇಳಿಸುವಾಗ ಅವುಗಳ ಮೇಲಿನ ಲೇಪ ಉದುರುತ್ತ, ಒಂದೇ ತುಣುಕು ಸುತ್ತಿದಷ್ಟೂ ಸವೆದು ಕೊನೆಗೆ ಮೌನವಾಗುವುದೇ ಆ ಕೃತಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ತಾಳಮದ್ದಲೆಯ ಕ್ಯಾಸೆಟ್ಟುಗಳನ್ನು ಹಾಕಿ ಕೇಳಿದವರಿಗೆ ಇದು ಹೊಸ ಅನುಭವವೇನೂ ಅಲ್ಲ.

ಇನ್ನು ಕಿವಿಯ ಮಾತು. ಚಿಕ್ಕಂದಿನಲ್ಲಿ ರಾತ್ರಿ ಆಟಕ್ಕೆ ಗದ್ದೆಯ ಬದುವಿನ ಮೇಲೆ ನಡೆದುಹೋಗುವಾಗ ಮೊದಲು ಕೇಳುತ್ತಿದ್ದುದು ಚಂಡೆಯ ಪೆಟ್ಟು ಮಾತ್ರ, ಅದೂ ಎಲ್ಲಿಂದ ಬರುತ್ತಿದೆ ಎಂದು ತಿಳಿಯದಂತೆ. ಗದ್ದೆ ದಾಟಿ ತೋಟದ ಅಂಚಿಗೆ ಬಂದರೆ ಅದರ ಹಿಂದೆ ಮದ್ದಳೆ ಇದೆ ಎಂದು ಗೊತ್ತಾಗುತ್ತಿತ್ತು, ಇನ್ನಷ್ಟು ಹತ್ತಿರವಾದಾಗ ಜಾಗಟೆಯ ಅಂಚು, ಆಮೇಲೆ ಶ್ರುತಿ, ಕಟ್ಟಕಡೆಗೆ ಭಾಗವತರ ಪದ. ಅಷ್ಟು ಹೊತ್ತೂ ನುಡಿಯುತ್ತಿದ್ದ ಸಂಗೀತ ಒಂದೇ, ಅದರ ಪದರಗಳು ಮಾತ್ರ ನಡಿಗೆಗೆ ತಕ್ಕಂತೆ ತೆರೆದುಕೊಳ್ಳುತ್ತಿದ್ದವು. ಸಿಂಥಸೈಜರ್ ನುಡಿಸುವವರು ಫಿಲ್ಟರ್ ಎಂಬ ಗುಂಡಿಯನ್ನು ನಿಧಾನವಾಗಿ ತಿರುಗಿಸಿ ಮಾಡುವ ಕೆಲಸ ಹೆಚ್ಚು ಕಡಿಮೆ ಇದೇ: ಮುಚ್ಚಿಟ್ಟ ಸ್ವರಾಂಶಗಳನ್ನು ಒಂದೊಂದಾಗಿ ಬಿಟ್ಟುಕೊಡುವುದು. ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗರ ಗುಮಟೆಯಲ್ಲಿ ಮಡಕೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಬಾಗಿಸುವುದನ್ನು ಕಂಡವರು, ಡ್ರಮ್ ಯಂತ್ರದ ಜಾರುವ ಪೆಟ್ಟನ್ನು ಕೇಳಿ ಬೆರಗಾಗಬೇಕಿಲ್ಲ. ಹೊಸ ಆಲ್ಬಮ್ ಮೊದಲ ಸಲಕ್ಕೆ ಬಗ್ಗದಿದ್ದರೆ ಹೀಗೆ ಹತ್ತಿರದ ಸದ್ದೊಂದನ್ನು ನೆನೆದು ಅದರ ಮೂಲಕ ಒಳಹೋಗಿ.

ಉಪಕರಣಕ್ಕೆ ದೊಡ್ಡ ಖರ್ಚು ಬೇಕಾಗಿಲ್ಲ. ಆದರೆ ಮೊಬೈಲಿನ ಸ್ಪೀಕರಿನಲ್ಲಿ ಈ ಸಂಗೀತವನ್ನು ಅಳೆಯಬಾರದು. ಐವತ್ತು ಹರ್ಟ್ಸ್ ಆಸುಪಾಸಿನ ಮಂದ್ರ ನಾದ ಅದರಿಂದ ಹೊರಡುವುದೇ ಇಲ್ಲ, ಅನೇಕ ಆಲ್ಬಮ್‌ಗಳ ಅರ್ಧ ಜೀವ ಇರುವುದು ಅಲ್ಲಿಯೇ. ಕಿವಿಯನ್ನು ಪೂರ್ತಿ ಮುಚ್ಚುವ, ವೈರ್ ಇರುವ ಸಾಧಾರಣ ಹೆಡ್‌ಫೋನ್ ಸಾಕು. ಅದನ್ನು ಶಿರಸಿಯ ಥಂಡಿಯಿಂದ ಕಾಪಾಡುವುದೇ ನಿಜವಾದ ಕಷ್ಟ. ಒಂದು ಜುಲೈಯಲ್ಲಿ ಆಸ್ಟ್ರಿಯಾದ ಫೆನೆಸ್ ಅವರ 2001ರ 'ಎಂಡ್‌ಲೆಸ್ ಸಮ್ಮರ್' ಕೇಳುತ್ತ, ಎಡಗಿವಿಯಲ್ಲಿ ಆಗಾಗ ಬರುವ ಚರಚರ ಸದ್ದಿನ ಸೊಬಗನ್ನು ಕುರಿತು ಒಂದೂವರೆ ಪುಟ ಬರೆದಿಟ್ಟಿದ್ದೆ. ಗಿಟಾರಿನ ನಾದವನ್ನು ಕಂಪ್ಯೂಟರಿನಲ್ಲಿ ಒಡೆದು, ಬಿರುಕುಗಳನ್ನೇ ಅಲಂಕಾರ ಮಾಡಿಕೊಂಡ ಆಲ್ಬಮ್ ಅದಾದ್ದರಿಂದ ಸಂಶಯ ಬರಲಿಲ್ಲ. ಮೂರು ವಾರದ ನಂತರ ಅದೇ ಚರಚರ ಭೀಮಸೇನ ಜೋಶಿಯವರ ಅಭಂಗದಲ್ಲಿಯೂ ಕೇಳಿಸಿತು. ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಹೆಡ್‌ಫೋನಿನ ಪಿನ್ನನ್ನು ಬಾಗಿಲಿನ ಬೆಳಕಿಗೆ ಹಿಡಿದು, "ಕಿಲುಬು ಬಂದಿದೆ ನೋಡಿ ಸರ್" ಎಂದು ಸ್ಪಿರಿಟ್ ಅದ್ದಿದ ಹತ್ತಿಯಿಂದ ಎರಡು ಸಲ ಒರೆಸಿಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ. ಆ ಒಂದೂವರೆ ಪುಟವನ್ನು ಹರಿದು ಹಾಕದೆ ಇಟ್ಟುಕೊಂಡಿದ್ದೇನೆ. ಅಂದಿನಿಂದ ಹೆಡ್‌ಫೋನ್ ಇರುವುದು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ; ಹೊಸ ಆಲ್ಬಮ್ ಕೇಳುವ ಮುಂಚೆ ಚೆನ್ನಾಗಿ ಗೊತ್ತಿರುವ ಹಾಡೊಂದನ್ನು ಒಂದು ನಿಮಿಷ ಹಾಕಿ ನೋಡುತ್ತೇನೆ.

ಧ್ವನಿಯ ಮಟ್ಟದ ಬಗ್ಗೆ ಒಂದೇ ಮಾತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಹಂಚಿನ ಮೇಲೆ ಮಳೆ ಹೊಡೆಯುವಾಗ ಅದನ್ನು ಮೀರಿಸಲು ಹೋದರೆ ಮಿತಿ ದಾಟುವುದು ಖಂಡಿತ. ಜೋರು ಮಳೆ ಬಂದರೆ ನಿಲ್ಲಿಸಿ. ಲಂಡನ್ನಿನ ಬರಿಯಲ್ ಎಂಬ ಕಲಾವಿದರ 2007ರ 'ಅನ್‌ಟ್ರೂ' ಆಲ್ಬಮ್‌ನೊಳಗೇ ಮಳೆಯ ಸದ್ದಿದೆ. ಆಷಾಢದಲ್ಲಿ ಅದನ್ನು ಕೇಳಿದರೆ ಅವರ ಮಳೆ ಯಾವುದು, ನಮ್ಮ ಮಳೆ ಯಾವುದು ಎಂದು ತಿಳಿಯುವುದಿಲ್ಲ.

ಆಲ್ಬಮ್‌ಗಳನ್ನು ನೆಟ್‌ವರ್ಕ್ ನೆಚ್ಚಿ ಕೇಳುವುದು ನಮ್ಮ ಜಿಲ್ಲೆಗೆ ಹೊಂದುವ ಮಾತಲ್ಲ. ಮುಕ್ಕಾಲು ತಾಸಿನ ಆಲ್ಬಮ್ ಎಂಪಿ3 ರೂಪದಲ್ಲಿ, 320 ಕೆಬಿಪಿಎಸ್‌ನಲ್ಲಿ ಸುಮಾರು 108 ಎಂಬಿ ಆಗುತ್ತದೆ. ಸಿಡಿಯಲ್ಲಿರುವಂತೆ ಏನನ್ನೂ ಕಳೆಯದೆ ಇಟ್ಟರೆ 476 ಎಂಬಿ, ಅದನ್ನೇ ಏನೂ ಕಳೆಯದಂತೆ ಕುಗ್ಗಿಸುವ ಫ್ಲ್ಯಾಕ್ ರೂಪಕ್ಕೆ ತಂದರೆ ಬಹುಮಟ್ಟಿಗೆ ಅರ್ಧದಿಂದ ಮೂರನೆಯ ಎರಡು ಭಾಗ. ನಲವತ್ತು ಆಲ್ಬಮ್‌ಗಳ ಫ್ಲ್ಯಾಕ್ 16 ಜಿಬಿಯ ಕಾರ್ಡಿನಲ್ಲಿ ಹಿಡಿಸುತ್ತದೆ. ಕೊಳ್ಳುವುದಾದರೆ ಬ್ಯಾಂಡ್‌ಕ್ಯಾಂಪ್ ಒಳ್ಳೆಯದು: ಡಿಜಿಟಲ್ ಮಾರಾಟದಲ್ಲಿ ಅದು ಸಾಮಾನ್ಯವಾಗಿ ಇಟ್ಟುಕೊಳ್ಳುವುದು ನೂರಕ್ಕೆ 15, 2020ರ ಮಾರ್ಚಿನಲ್ಲಿ ಆರಂಭಿಸಿದ 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ದಿನಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತದೆ. ನಲವತ್ತನ್ನೂ ಕೊಳ್ಳಬೇಕಾಗಿಲ್ಲ, ಎರಡನೆಯ ಕೇಳುವಿಕೆಗೆ ಉಳಿದವನ್ನು ಕೊಂಡರೆ ಸಾಕು.

ಪ್ರತಿ ಆಲ್ಬಮ್‌ಗೂ ಮೂರು ಕೇಳುವಿಕೆ ಬೇಕು, ಮೂರೂ ಬೇರೆಬೇರೆ ಕಡೆ. ಮೊದಲನೆಯದು ಮನೆಯಲ್ಲಿ, ಕತ್ತಲಾದ ಮೇಲೆ, ಬೇರೇನನ್ನೂ ಮಾಡದೆ, ಕೊನೆಯವರೆಗೆ. ಬೇಸರ ಬಂದರೂ ನಿಲ್ಲಿಸದೆ, ಬೇಸರ ಎಷ್ಟನೆಯ ನಿಮಿಷಕ್ಕೆ ಬಂತು, ಹೋಯಿತೋ ಇಲ್ಲವೋ ಎಂದು ಬರೆದಿಡಬೇಕು. ಎರಡನೆಯದು ಕನಿಷ್ಠ ಮೂರು ವಾರ ಕಳೆದ ಮೇಲೆ, ಚಲನೆಯಲ್ಲಿ. ನನಗೆ ಅದು ಶಿರಸಿಯಿಂದ ಕುಮಟಾಕ್ಕೆ ಇಳಿಯುವ ಬಸ್ಸು. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನ ಗೇರು ಬದಲಾಗುತ್ತ, ಇಂಜಿನ್ನಿನ ಶ್ರುತಿ ಏರಿಳಿಯುತ್ತ ಇರುವಾಗ ತಾಳವನ್ನೇ ನಂಬಿದ ಆಲ್ಬಮ್ ಗಟ್ಟಿಯಾಗಿ ನಿಲ್ಲುತ್ತದೆ, ಸೂಕ್ಷ್ಮವನ್ನೇ ನಂಬಿದ್ದು ಕೊಚ್ಚಿಹೋಗುತ್ತದೆ. ಕೊಚ್ಚಿಹೋದದ್ದು ಕೆಟ್ಟದ್ದೆಂದಲ್ಲ, ಅದರ ಜಾಗ ಯಾವುದೆಂದು ತಿಳಿಯಿತು ಅಷ್ಟೇ. ಮೂರನೆಯದು ಕಾರವಾರದಲ್ಲಿ, ಟಾಗೋರ್ ಕಡಲತೀರದ ಮರಳಿನ ಮೇಲೆ, ಹೆಡ್‌ಫೋನನ್ನು ಕೊರಳಿಗೆ ಇಳಿಸಿ, ಅಲೆಯ ಮೊರೆತದ ನಡುವೆ ಸಂಗೀತ ಬಂದುಹೋಗುವಷ್ಟು ಕಡಿಮೆ ಮಟ್ಟದಲ್ಲಿ. ಈ ಮೂರನೆಯ ಬಗೆ ನನ್ನ ಕಲ್ಪನೆಯೇನಲ್ಲ. 1975ರಲ್ಲಿ ಅಪಘಾತವಾಗಿ ಹಾಸಿಗೆ ಹಿಡಿದಿದ್ದ ಈನೋ, ಗೆಳತಿ ತಂದುಕೊಟ್ಟ ಹಾರ್ಪ್ ವಾದನದ ರೆಕಾರ್ಡನ್ನು ಹಾಕಿಕೊಂಡು ಮಲಗಿದ ಮೇಲೆ ಧ್ವನಿ ತೀರ ಕಡಿಮೆಯಾಗಿದೆ ಎಂದು ತಿಳಿದರೂ ಎದ್ದು ಸರಿಪಡಿಸಲಾರದೆ, ಹಾಗೆಯೇ ಕೇಳುತ್ತ, ಸುತ್ತಲಿನ ಸದ್ದಿನೊಡನೆ ಬೆರೆಯುವ ಸಂಗೀತದ ಹೊಳಹನ್ನು ಕಂಡುಕೊಂಡರು.

ಪುಸ್ತಕದಲ್ಲಿ ಬರೆಯುವುದು ಹೇಗೆ ಎಂಬುದೇ ಈ ಕೆಲಸದ ಗಹನವಾದ ಭಾಗ. ಇಂಗ್ಲಿಷ್ ವಿಮರ್ಶೆಗಳ ಪದಗಳನ್ನು ಕನ್ನಡಕ್ಕೆ ಎಳೆದು ತಂದರೆ 'ಧ್ವನಿಯ ಭೂದೃಶ್ಯ'ದಂತಹ, ಬರೆದವರಿಗೂ ಕಾಣದ ಮಾತುಗಳು ಸಿಗುತ್ತವೆ. ಅದರ ಬದಲು ನಮ್ಮ ಅನುಕರಣ ಪದಗಳ ಉಗ್ರಾಣ ತೆರೆಯಿರಿ. ಗುಂಯ್‌ಗುಡುವುದು ಬೇರೆ, ಝೇಂಕರಿಸುವುದು ಬೇರೆ. ಮೊರೆತಕ್ಕೆ ಅಂಚಿಲ್ಲ, ಭೋರ್ಗರೆತಕ್ಕೆ ಎತ್ತರವಿದೆ. ಚಿಟಪಟ ಒಣಗಿದ್ದು, ತಟಪಟ ಒದ್ದೆಯಾದದ್ದು. ಕಿರಕಿರ ಉಜ್ಜುತ್ತದೆ, ಜಿರಿಜಿರಿ ಸುರಿಯುತ್ತದೆ. ಬೆರಳಿನಿಂದ ಗುಂಡಿ ತಿರುಗಿಸಿ ಸದ್ದನ್ನು ಕಟ್ಟುವವರು ಮಾಡುವ ಸೂಕ್ಷ್ಮ ಭೇದಗಳಿಗೆ ಇಷ್ಟು ಸಲೀಸಾಗಿ ಒದಗುವ ಪದಗಳು ನಮ್ಮಲ್ಲಿರುವಾಗ ಸಾಲ ಮಾಡುವುದೇಕೆ?

ಉದಾಹರಣೆಗೆ ಕಾಲಿ ಮಲೋನ್ ಅವರ ಆಲ್ಬಮ್ ಕುರಿತು ನಾನು ಬರೆದದ್ದು. ಅವರೂ ಸ್ಟೀಫನ್ ಓಮ್ಯಾಲಿಯೂ ನುಡಿಸಿರುವ ಆರ್ಗನ್‌ಗಳು 15ರಿಂದ 17ನೆಯ ಶತಮಾನದವು. ಇಂದಿನ ಪಿಯಾನೋದ ಸಮಭಾಗದ ಶ್ರುತಿಗೆ ಬದಲಾಗಿ ಮೀನ್‌ಟೋನ್ ಎಂಬ ಹಳೆಯ ಶ್ರುತಿಯಲ್ಲಿರುವಂಥವು. ಹಾರ್ಮೋನಿಯಂನ ಗಾಂಧಾರ ಕೊಂಚ ಏರಿ ನಿಂತು ಕಿವಿಯನ್ನು ಚುಚ್ಚುವುದು ಗೊತ್ತಿರುವವರು, ತಂಬೂರಿಯ ಷಡ್ಜದ ತಂತಿಯೊಳಗಿಂದ ತಾನಾಗಿ ಏಳುವ ಸ್ವಯಂಭೂ ಗಾಂಧಾರವನ್ನು ಕೇಳಿರುವವರು, ಈ ಆರ್ಗನ್ನಿನ ಗಾಂಧಾರ ಎರಡನೆಯದಕ್ಕೆ ಹತ್ತಿರವಿರುವುದನ್ನು ಕೂಡಲೇ ಗುರುತಿಸುತ್ತಾರೆ. "ಕೊಳವೆಗಳು ಹಾಡುತ್ತಿಲ್ಲ, ಮೀಟು ಬಿಟ್ಟ ಮೇಲಿನ ತಂಬೂರಿಯಂತೆ ಉಸಿರಾಡುತ್ತಿವೆ, ಸ್ವರ ಬದಲಾಗುವ ಕ್ಷಣದಲ್ಲಿ ಗುಂಯ್ ಎಂಬುದು ಒಮ್ಮೆ ಬಾಗಿ ಮತ್ತೆ ನೆಟ್ಟಗಾಗುತ್ತದೆ" ಎಂಬುದು ನನ್ನ ಮೊದಲ ಕೇಳುವಿಕೆಯ ಟಿಪ್ಪಣಿ. ಮೂರನೆಯ ಕೇಳುವಿಕೆಯಲ್ಲಿ ಕಡಲು ಅದನ್ನು ಪೂರ್ತಿ ನುಂಗಿತು. ಹೀಗಾಗಿ ಅದು ನನ್ನ ಪಟ್ಟಿಯಲ್ಲಿ ಮನೆಯ ಆಲ್ಬಮ್.

ಪಟ್ಟಿಯ ಕಳೆ ಕೀಳುವಾಗ ಅಂಕ ಕೊಡಬೇಡಿ. ಎರಡೆರಡನ್ನು ಎದುರುಬದುರು ಇಟ್ಟು, ನಾಳೆ ಬೆಳಿಗ್ಗೆ ಇವೆರಡರಲ್ಲಿ ಒಂದನ್ನೇ ಕೇಳಬಹುದಾದರೆ ಯಾವುದು ಎಂದು ಕೇಳಿಕೊಳ್ಳಿ. 2024ರಲ್ಲಿ ನನ್ನಲ್ಲಿ ಕೊನೆಗೆ ಉಳಿದವು ಒಂಬತ್ತು. ಪೋರ್ಚುಗಲ್ಲಿನ ರಫಾಯೆಲ್ ಟೊರಾಲ್ ಅವರ 'ಸ್ಪೆಕ್ಟ್ರಲ್ ಎವಲ್ಯೂಶನ್' ಎಲ್ಲಕ್ಕಿಂತ ಮೇಲೆ: ತಾವೇ ಕಟ್ಟಿದ ಇಲೆಕ್ಟ್ರಾನಿಕ್ ವಾದ್ಯಗಳಿಂದ ಹೊರಡುವ ಹಕ್ಕಿಯಂಥ ಚಿಲಿಪಿಲಿಯ ಕೆಳಗೆ ಗಿಟಾರಿನ ಹಳೆಯ ಜಾಝ್ ಸ್ವರಮೇಳಗಳು ಬಹಳ ನಿಧಾನವಾಗಿ, ಕೆಸರಿನಿಂದ ಕಾಲು ಕಿತ್ತಂತೆ ಸರಿಯುತ್ತವೆ, ಮುಕ್ಕಾಲು ತಾಸು ಎಲ್ಲಿಯೂ ಕಡಿಯದೆ. ಬಸ್ಸಿನ ಪರೀಕ್ಷೆಯಲ್ಲಿ ಗೆದ್ದದ್ದು ಅಮೆರಿಕದ ಇಂಡಿಯಾನಾದ ಜೆಲಿನ್ ಅವರ 'ಅಕೋಮಾ'. ಅದರ ಲಯದ ಲೆಕ್ಕಾಚಾರ ನಮ್ಮ ಚಂಡೆಯವರಿಗೆ ಕೇಳಿಸಬೇಕಾದದ್ದು. ನಾಲಾ ಸಿನೆಫ್ರೋ ಅವರ 'ಎಂಡ್‌ಲೆಸ್‌ನೆಸ್' ಹತ್ತು ತುಣುಕುಗಳಲ್ಲಿ, ಹಾರ್ಪ್ ಮತ್ತು ಸಿಂಥಸೈಜರ್‌ಗಳ ನಡುವೆ ಒಂದೇ ಸುತ್ತು ಸ್ವರಮಾಲೆಯನ್ನು ಹರಿಯಬಿಡುತ್ತದೆ. ಕಡಲತೀರಕ್ಕೆ ಹೇಳಿ ಮಾಡಿಸಿದ್ದು. ಫೋರ್ ಟೆಟ್ ಅವರ 'ತ್ರೀ' ಚೆನ್ನಾಗಿದೆ, ಆದರೆ ಲತಾ ಮಂಗೇಶ್ಕರ್ ಅವರ ದನಿಯನ್ನು ಎಳೆಎಳೆಯಾಗಿ ಬಳಸಿದ ಅವರ 2015ರ 'ಮಾರ್ನಿಂಗ್/ಈವ್ನಿಂಗ್' ಕೇಳಿದವರಿಗೆ ತುಸು ಸಪ್ಪೆ, ಎದುರುಬದುರಿನಲ್ಲಿ ಸೋತಿತು.

ಕೊನೆಗೆ, ಪಟ್ಟಿಯನ್ನು ಡಿಸೆಂಬರ್ 31ಕ್ಕೆ ಮುಚ್ಚಬೇಡಿ. ಪತ್ರಿಕೆಗಳು ಅಚ್ಚಿಗೆ ಹೋಗಬೇಕಾದ್ದರಿಂದ ಅವುಗಳ ವರ್ಷ ನವೆಂಬರ್‌ನಲ್ಲೇ ಮುಗಿದಿರುತ್ತದೆ, ಡಿಸೆಂಬರ್‌ನಲ್ಲಿ ಬಂದವು ಈ ವರ್ಷಕ್ಕೂ ಇಲ್ಲ ಮುಂದಿನ ವರ್ಷಕ್ಕೂ ಇಲ್ಲ ಎಂಬಂತೆ ನಡುವೆ ಬೀಳುತ್ತವೆ. ಫೆನೆಸ್ ಅವರ 'ಮೊಸೆಯಿಕ್' ಬಂದದ್ದು 2024ರ ಡಿಸೆಂಬರ್‌ನಲ್ಲಿ. ನಾನು ಸಂಕ್ರಾಂತಿಯವರೆಗೆ ಕಾದು, ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅದನ್ನು ಕೇಳಿ, ಒಂಬತ್ತನೆಯದಾಗಿ ಸೇರಿಸಿದೆ, ಪಿನ್ನನ್ನು ಮೊದಲು ಸ್ಪಿರಿಟ್ಟಿನಿಂದ ಒರೆಸಿಕೊಂಡು.